ತಿರುಗಿ ಮಾರುವ ಬೆಲೆ

ಒಂದು ವಸ್ತುವನ್ನು ಕೊಳ್ಳುವ ಗಳಿಗೆಯಲ್ಲಿಯೇ ಅದನ್ನು ಮಾರುವ ದಿನವನ್ನು ನೆನೆಯುವದು ವಿವೇಕದ ಲಕ್ಷಣವೋ, ಇಲ್ಲವೆ ಆ ವಸ್ತುವಿನ ಒಡೆತನವನ್ನು ಕೊಂಡ ದಿನವೇ ಬಿಟ್ಟುಕೊಟ್ಟಂತೆಯೋ ಎಂಬದು ಇಲ್ಲಿ ವಿಚಾರಿಸಬೇಕೆಂದಿರುವ ಪ್ರಶ್ನೆ. ಪ್ರಶ್ನೆಯೇನೋ ಹಳೆಯದು. ಅದಕ್ಕೆ ಹೊಸ ಉಡುಪು ತೊಡಿಸಿದುದು ಈ ಕಾಲದ ಕ್ರೀಡಾ ಮೋಟಾರು. ಅಂದರೆ ಹೆಚ್ಚಾಗಿ ಇಬ್ಬರೇ ಕೂಡ್ರಬಹುದಾದ, ನೆಲಕ್ಕೆ ಹತ್ತಿಕೊಂಡು ಓಡುವ, ಕೋಟಿಗಟ್ಟಲೆ ರೂಪಾಯಿಯ ವಿಲಾಸದ ಗಾಡಿ. ಇಂಥದನ್ನು ಕೊಳ್ಳಹೊರಟ ಧನಿಕನು ಅದರ ವೇಗ, ಬಣ್ಣ, ದನಿಗಳನ್ನು ವಿಚಾರಿಸುವದರ ಜೊತೆಗೆ ಇನ್ನೊಂದು ಮಾತನ್ನೂ ಕೇಳುತ್ತಾನೆ: ‘ಮೂರು ವರ್ಷದ ಮೇಲೆ ತಿರುಗಿ ಮಾರಿದರೆ ಎಷ್ಟು ಬಂದೀತು?’ ಕೆಲವು ಗಾಡಿಗಳು ಕೊಟ್ಟ ಬೆಲೆಯನ್ನು ಬಹುಮಟ್ಟಿಗೆ ಉಳಿಸಿಕೊಳ್ಳುತ್ತವೆ. ಕೆಲವು ನೋಡನೋಡುತ್ತ ಅರ್ಧಕ್ಕೆ ಇಳಿಯುತ್ತವೆ. ಬೆರಳಿನಿಂದ ಎಣಿಸಬಹುದಾದ ಕೆಲವು ಕೊಂಡುದಕ್ಕಿಂತ ಹೆಚ್ಚಿಗೆ ಹೋಗುತ್ತವೆ. ಇದು ಹೀಗೇಕೆ, ಮತ್ತು ಹೀಗಿರುವದರಿಂದ ಒಡೆಯನಿಗೂ ಒಡವೆಗೂ ಇರುವ ಸಂಬಂಧವು ಏನಾಗುತ್ತದೆ ಎಂಬದನ್ನು ನೋಡೋಣ.

ಉಳವಿಯಂಥ ಕಾಡೂರಿನ ನೆರಳಿನಲ್ಲಿ ಕುಳಿತು ಇಟಲಿಯ ಮೋಟಾರಿನ ಮಾತೇಕೆಂದು ವಾಚಕರು ನಕ್ಕಾರು. ಅಂಥ ಗಾಡಿಯ ಹೊಟ್ಟೆಯು ನೆಲದಿಂದ ನಾಲ್ಕೈದು ಅಂಗುಲ ಮಾತ್ರ ಮೇಲಿರುವದರಿಂದ, ನಮ್ಮ ದಾರಿಯ ಮೊದಲನೆಯ ಉಬ್ಬಿನಲ್ಲಿಯೇ ಅದರ ಯಾತ್ರೆಯು ಮುಗಿದೀತೆಂಬದೂ ನಿಜವೇ. ಆದರೆ ಪ್ರತಿವರ್ಷ ಮಾಘಮಾಸದಲ್ಲಿ ಚೆನ್ನಬಸವಣ್ಣನವರ ಸಮಾಧಿಸ್ಥಾನವಾದ ಈ ಕ್ಷೇತ್ರಕ್ಕೆ ಧಾರವಾಡ, ಬೆಳಗಾವಿ, ಹಾವೇರಿ ಸೀಮೆಗಳಿಂದ ಚಕ್ಕಡಿಗಳ ಸಾಲು ಬರುವದನ್ನು ಬಲ್ಲವರಿಗೆ ಈ ಪ್ರಶ್ನೆಯು ಪರಕೀಯವಾಗಿ ತೋರಲಾರದು. ಧಾರವಾಡದಿಂದಾದರೆ ಹಳಿಯಾಳ, ದಾಂಡೇಲಿಗಳನ್ನು ಹಾಯ್ದು ಕಾಳಿಯ ಕಾಡನ್ನು ಹೊಕ್ಕು ಬರಬೇಕಾದ ಸುಮಾರು ನೂರು ಕಿಲೋಮೀಟರಿನ ದಾರಿ. ಕಡೆಯ ಭಾಗವೆಲ್ಲ ಏರಿಳಿತ. ಕೊರಳಿಗೆ ಗೆಜ್ಜೆ, ಕೋಡಿಗೆ ಕೋಡಣಸು, ಮೈಮೇಲೆ ಜೂಲು ಹೊತ್ತ ಎತ್ತುಗಳು ಬಿಡಾರದಲ್ಲಿ ಮೇವು ತಿನ್ನುತ್ತಿರುವಾಗ ಅವುಗಳ ಸುತ್ತ ಕುಳಿತ ಒಕ್ಕಲಿಗರ ಮಾತು ಬಹಳ ಹೊತ್ತು ದೇವರ ಸುದ್ದಿಯಾಗಿ ಉಳಿಯುವದಿಲ್ಲ. ಯಾವ ಸಂತೆಯಲ್ಲಿ ತಂದದ್ದು, ಎಷ್ಟು ಹಲ್ಲು, ಎಷ್ಟು ಕೊಟ್ಟಿರಿ, ಈಗ ಎಷ್ಟಕ್ಕೆ ಕೇಳುತ್ತಾರೆ - ಇದೇ ಮಾತು. ಬೆಂಗಳೂರಿನ ಮಳಿಗೆಯಲ್ಲಿ ನಡೆಯುವ ಸಂಭಾಷಣೆಯೂ ಇದೇ ಆಗಿರುವದು. ಹಲ್ಲಿನ ಬದಲು ಓಡಿದ ದೂರದ ಅಂಕಿ ನೋಡುತ್ತಾರೆ, ಅಷ್ಟೇ.

ಆದುದರಿಂದ ಎತ್ತಿನ ಬೆಲೆಯ ಮರ್ಮವನ್ನು ಮೊದಲು ತಿಳಿದುಕೊಳ್ಳುವದು ಒಳ್ಳೆಯದು. ಹಾಲುಹಲ್ಲಿನ ಹೋರಿಗರುವಿಗೆ ಒಂದು ಬೆಲೆ; ಎರಡು ಹಲ್ಲು ಬಿದ್ದು ನೊಗ ಕಲಿಯತೊಡಗಿತೆಂದರೆ ಹೆಚ್ಚಿನ ಬೆಲೆ; ನಾಲ್ಕು, ಆರು ಹಲ್ಲಿನ ಪ್ರಾಯದಲ್ಲಿ ಜೋಡಿ ಹೊಂದಿ ದುಡಿಯುವಾಗ ಎಲ್ಲಕ್ಕಿಂತ ಹೆಚ್ಚು. ಬಾಯಿಗೂಡಿ ಕೆಲವು ವರ್ಷಗಳಾದ ಬಳಿಕ ಇಳಿಮುಖ. ಸಂತೆಯಲ್ಲಿ ದಲಾಲನು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸುವ ಮೊದಲು ಕೊಳ್ಳುವವನು ಬಾಯಿ ತೆರೆದು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ನೋಡುತ್ತಾನೆ. ಇಷ್ಟೆಲ್ಲ ನೋಡಿದರೂ ತೃಪ್ತಿಯಾಗದೆ ನಡೆಯಿಸಿ ನೋಡುತ್ತಾನೆ, ನೊಗಕ್ಕೆ ಕಟ್ಟಿ ನೋಡುತ್ತಾನೆ. ದುಡಿದ ಎತ್ತಿನ ಹೆಗಲ ಮೇಲಿನ ಕಾಯಿಗಟ್ಟಿದ ತೊಗಲು ಅದರ ಯೋಗ್ಯತೆಗೆ ಸಾಕ್ಷಿ. ಉಳವಿಯ ಏರಿಳಿತವನ್ನು ಹೊರೆಯೊಡನೆ ದಾಟಿ ಕುಂಟದೆ ಊರಿಗೆ ಮರಳಿದ ಜೋಡಿಯ ಕಾಲು ಕೊರಳುಗಳಿಗೆ ಬೇರೆ ಪ್ರಮಾಣವೇಕೆ? ಎತ್ತನ್ನು ಬಳಸುವದರಿಂದಲೇ ಅದರ ಬೆಲೆಯು ಬೆಳೆಯುವದು. ಕಟ್ಟಿಹಾಕಿ ಮೇಯಿಸಿದ ಎತ್ತನ್ನು ಸಂತೆಯ ಮುದುಕನು ಒಮ್ಮೆ ತಟ್ಟಿ ನೋಡಿ ಮುಂದೆ ಹೋಗುತ್ತಾನೆ.

ಎತ್ತು ದುಡಿಮೆಯ ಪ್ರಾಣಿ, ವಿಲಾಸದ ಗಾಡಿಗೆ ಅದು ಹೋಲಿಕೆಯಾಗದೆಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪವು ಯೋಗ್ಯವಾದುದೇ. ಹಾಗಾದರೆ ಹಾವೇರಿ ಸೀಮೆಯ ಹಬ್ಬದ ಹೋರಿಯನ್ನು ತೆಗೆದುಕೊಳ್ಳೋಣ. ಅದು ಉಳುವದಿಲ್ಲ, ಎಳೆಯುವದಿಲ್ಲ. ಹುರುಳಿ, ಹಿಂಡಿಗಳನ್ನು ತಿಂದು, ಕೆರೆಯಲ್ಲಿ ಈಸಿ, ದೀಪಾವಳಿಯ ತರುವಾಯ ನಡೆಯುವ ಹೋರಿ ಹಬ್ಬಗಳಲ್ಲಿ ಕೊರಳ ತುಂಬ ಕೊಬ್ಬರಿಯ ಸರ ಕಟ್ಟಿಸಿಕೊಂಡು ಜನಸಂದಣಿಯ ನಡುವೆ ಬಾಣದಂತೆ ಹಾಯುವದಷ್ಟೇ ಅದರ ಉದ್ಯೋಗ. ಯಾರ ಕೈಗೂ ಸಿಕ್ಕದೆ, ಕೊಬ್ಬರಿ ಹರಿಸಿಕೊಳ್ಳದೆ ಪಾರಾದ ಹೋರಿಗೆ ಹೆಸರು. ಆ ಹೆಸರಿಗೆ ಲಕ್ಷಗಟ್ಟಲೆ ಬೆಲೆ. (ಈ ಆಟದಲ್ಲಿ ಜನರು ಪ್ರಾಣ ಕಳೆದುಕೊಂಡುದೂ ಉಂಟು, ಅದನ್ನು ಕೊಂಡಾಡುವದು ನನ್ನ ಉದ್ದೇಶವಲ್ಲ.) ನಮ್ಮ ನಾಡಿನಲ್ಲಿ ಕ್ರೀಡಾ ಮೋಟಾರಿಗೆ ಸಾಟಿಯಾದುದು ಯಾವುದಾದರೂ ಇದ್ದರೆ ಅದು ಈ ಹೋರಿಯೇ. ವೇಗವೇ ಅದರ ಬಾಳು, ಮೆರೆಸುವದೇ ಅದರ ಪ್ರಯೋಜನ, ಸಾಕುವದು ಮನೆತನದ ಪ್ರತಿಷ್ಠೆ. ಆದರೂ ಒಂದು ಭೇದವಿದೆ. ಓಡದ ಹೋರಿಗೆ ಹೆಸರಿಲ್ಲ, ಹೆಸರಿಲ್ಲದ ಹೋರಿಗೆ ಬೆಲೆಯಿಲ್ಲ. ಪ್ರತಿಸಲ ಅಖಾಡಕ್ಕೆ ಇಳಿದಾಗಲೂ ಒಡೆಯನು ತನ್ನ ಹೋರಿಯ ಬೆಲೆಯನ್ನು ಪಣಕ್ಕಿಡಲೇಬೇಕು.

ಈಗ ಮೋಟಾರಿಗೆ ಬರೋಣ. ಜರ್ಮನಿಯ ಪೋರ್ಷೆ ಕಂಪನಿಯು 1963ರಲ್ಲಿ ಮೊದಲು ಪ್ರದರ್ಶಿಸಿದ 911 ಎಂಬ ಗಾಡಿಯನ್ನು ಇಂದಿಗೂ ಅದೇ ಚಹರೆಯಲ್ಲಿ ತಿದ್ದಿ ತೀಡಿ ಮಾರುತ್ತ ಬಂದಿದೆ; ಅದು ತನ್ನ ಬೆಲೆಯನ್ನು ಚೆನ್ನಾಗಿ ಹಿಡಿದುಕೊಳ್ಳುವದೆಂದು ಖ್ಯಾತಿ. ಅದೇ ಕಂಪನಿಯು 2019ರಲ್ಲಿ ಹೊರತಂದ ಟೈಕಾನ್ ಎಂಬ ವಿದ್ಯುತ್ ಗಾಡಿಯ ಮೇಲ್ತರದ ಮಾದರಿಗಳು ಸಾಮಾನ್ಯ 911ಕ್ಕಿಂತ ಚುರುಕಾಗಿ ಚಿಮ್ಮುತ್ತವೆ. ಆದರೂ ಹಳೆಯ ಗಾಡಿಗಳ ಪೇಟೆಯಲ್ಲಿ ಅದರ ಬೆಲೆಯು ಬೇಗ ಕುಸಿಯುತ್ತದೆ. ಮಾಡಿದ ಕೈ ಒಂದೇ, ಕುಶಲತೆ ಒಂದೇ. ಹಾಗಾದರೆ ಬೆಲೆಯನ್ನು ಹಿಡಿದಿಡುವದು ಗಾಡಿಯ ಗುಣವೊಂದೇ ಅಲ್ಲವೆಂದಾಯಿತು. ಬ್ಯಾಟರಿಯ ವಿದ್ಯೆಯು ವರ್ಷವರ್ಷಕ್ಕೂ ಮುಂದುವರಿಯುವದರಿಂದ ಇಂದಿನ ವಿದ್ಯುತ್ ಗಾಡಿಯನ್ನು ನಾಳಿನದು ಹಳೆಯದಾಗಿಸುತ್ತದೆ. ಆದರೆ ಅರುವತ್ತು ವರ್ಷ ಒಂದೇ ಚಹರೆಯಿಂದ ಬಾಳಿದ ಗಾಡಿಯನ್ನು ಯಾವ ನಾಳೆಯೂ ಹೆದರಿಸಲಾರದು.

ಇನ್ನು ವಿರಳತೆಯ ಮಾತು. ನಮ್ಮ ಮಾರುತಿ ಸುಜುಕಿ ಕಂಪನಿಯು 2024-25ರ ಒಂದು ವರ್ಷದಲ್ಲಿ ಮಾರಿದ ಗಾಡಿಗಳು 22 ಲಕ್ಷಕ್ಕೂ ಮಿಕ್ಕಿದವು. ಇಟಲಿಯ ಫೆರಾರಿಯು 2024ರಲ್ಲಿ ಇಡಿಯ ಜಗತ್ತಿಗೆ ಕಳುಹಿಸಿದವು 13,752. ಹೆಚ್ಚು ಮಾಡಲಾರದೆ ಅಲ್ಲ. ಪಂಕ್ತಿಗೆ ಕುಳಿತವರಿಗೆಲ್ಲ ಒಂದು ತುತ್ತು ಕಡಿಮೆ ಬಡಿಸಿ ಹಸಿವನ್ನು ಉಳಿಸುವದೇ ಆ ಮನೆತನದ ವ್ಯಾಪಾರನೀತಿ. ಅಪರೂಪದ ಮಾದರಿಗಳು ದುಡ್ಡಿದ್ದವರಿಗೆಲ್ಲ ಸಿಕ್ಕುವದಿಲ್ಲ. ಕಂಪನಿಯ ವಿಶ್ವಾಸ ಗಳಿಸಿದ ಹಳೆಯ ಗಿರಾಕಿಗಳಿಗೆ ಮೊದಲ ಮಣೆ. ಅಮೆರಿಕದ ಫೋರ್ಡ್ ಕಂಪನಿಯಂತೂ ತನ್ನ ಜಿಟಿ ಎಂಬ ಗಾಡಿಗಾಗಿ ಅರ್ಜಿಗಳನ್ನು ತರಿಸಿಕೊಂಡು, ಆರಿಸಿದವರಿಂದ ಎರಡು ವರ್ಷ ಮಾರುವದಿಲ್ಲವೆಂಬ ಕರಾರನ್ನು ಬರೆಯಿಸಿಕೊಂಡಿತು. ಪ್ರಸಿದ್ಧ ಕುಸ್ತಿಪಟು ಜಾನ್ ಸೀನಾ ಅವಧಿಗೆ ಮೊದಲೇ ಗಾಡಿಯನ್ನು ಮಾರಿದನೆಂದು 2017ರಲ್ಲಿ ಅವನ ಮೇಲೆ ದಾವೆಯನ್ನೂ ಹೂಡಿತು. 2018ರಲ್ಲಿ ಅದು ರಾಜಿಯಲ್ಲಿ ಮುಗಿದು, ಅವನು ಕೊಟ್ಟ ಹಣವು ಧರ್ಮಕಾರ್ಯಕ್ಕೆ ಸಂದಿತು. ಕೊಂಡವನು ತನ್ನ ಸ್ವತ್ತನ್ನು ಮಾರಲು ಕೊಟ್ಟವನ ಅಪ್ಪಣೆ ಬೇಕೆಂದರೆ, ಅವನು ಕೊಂಡುದಾದರೂ ಏನು?

ನಮ್ಮ ದೇಶದಲ್ಲಿ ಈ ಬೆಲೆಗೆ ಸರಕಾರದ ಗೋಡೆಯೂ ಒಂದು ಆಧಾರ. 2025ರ ಆಯವ್ಯಯದ ಲೆಕ್ಕದಂತೆ ಹೊರದೇಶದಿಂದ ಇಡಿಯಾಗಿ ತರಿಸಿದ ದುಬಾರಿ ಗಾಡಿಯ ಮೇಲೆ ಸುಂಕ, ಮೇಲ್ತೆರಿಗೆಗಳು ಕೂಡಿ ಶೇಕಡಾ 110. ಅದರ ಮೇಲೆ ಜಿಎಸ್‌ಟಿ. ಅದಾದಮೇಲೆ ಕರ್ನಾಟಕದಲ್ಲಿ 20 ಲಕ್ಷಕ್ಕೆ ಮೀರಿದ ಗಾಡಿಗೆ ಶೇಕಡಾ 18ರ ಆಜೀವ ತೆರಿಗೆ. ಮಹಾರಾಷ್ಟ್ರದಲ್ಲಿ ನೋಂದಣಿಯಾಗಿ ಬೆಂಗಳೂರಿನಲ್ಲಿ ಓಡುತ್ತಿದ್ದ ಒಂದು ಫೆರಾರಿಗೆ 2025ರ ಜುಲೈಯಲ್ಲಿ ಸಾರಿಗೆ ಇಲಾಖೆಯು ಕಟ್ಟಿಸಿಕೊಂಡ ತೆರಿಗೆ ಸುಮಾರು 1 ಕೋಟಿ 42 ಲಕ್ಷ ರೂಪಾಯಿ. ಹೊಸ ಗಾಡಿಯ ಮೇಲೆ ಇಷ್ಟು ಭಾರ ಬೀಳುವದರಿಂದ ಹಳೆಯದರ ಬೆಲೆಯೂ ಅದರ ನೆರಳಿನಲ್ಲಿ ಎತ್ತರಕ್ಕೆ ನಿಲ್ಲುತ್ತದೆ. ಆದರೆ ಗೋಡೆಯನ್ನು ಕಟ್ಟಿದವರೇ ಇಳಿಸಲೂ ಬಲ್ಲರು. 2025ರ ಸೆಪ್ಟೆಂಬರ 22ರಂದು ದೊಡ್ಡ ಗಾಡಿಗಳ ಮೇಲಿನ ತೆರಿಗೆಯು ಸೆಸ್ ಕೂಡಿ ಶೇಕಡಾ 48, 50 ಇದ್ದುದು 40ಕ್ಕೆ ಇಳಿಯಿತು. ಹೊಸದರ ಬೆಲೆ ಇಳಿದಾಗ ಹಳೆಯದು ನಿಂತಲ್ಲಿ ನಿಲ್ಲಲಾರದಷ್ಟೆ. ಅದೇ ವರ್ಷ ಜುಲೈ 24ರಂದು ಬ್ರಿಟನ್ನಿನೊಡನೆ ಆದ ಒಪ್ಪಂದದಲ್ಲಿ ಅಲ್ಲಿಯ ಗಾಡಿಗಳಿಗೆ ಒಂದು ಮಿತಿಯೊಳಗೆ ಸುಂಕವನ್ನು ಕ್ರಮವಾಗಿ ಇಳಿಸುವ ಮಾತಾಗಿದೆ. ಕೊಟ್ಟಿಗೆಯಲ್ಲಿ ಒಂದು ಗೇಣೂ ಚಲಿಸದೆ ನಿಂತ ಗಾಡಿಯು ದಿಲ್ಲಿಯಲ್ಲಿ ಒಂದು ಸಹಿ ಬಿದ್ದರೆ ಅಗ್ಗವಾಗುತ್ತದೆ. ಒಡೆಯನು ಅಷ್ಟು ಜೋಪಾನ ಮಾಡಿದ ಬೆಲೆಯು ಅವನ ಕೈಯಲ್ಲಿ ಎಂದೂ ಇರಲೇ ಇಲ್ಲ.

ಅವನ ಕೈಯಲ್ಲಿರುವದು ಒಂದೇ: ಓಡಿಸದಿರುವದು. ವಿಮೆಯ ಕಂಪನಿಗಳು ಈ ವಿಷಯದಲ್ಲಿ ನಿಷ್ಠುರ. ಗಾಡಿ ಹೊರಬಿದ್ದು ಆರು ತಿಂಗಳೊಳಗೆ ಶೇಕಡಾ 5, ವರ್ಷದೊಳಗೆ 15, ಎರಡು ವರ್ಷಕ್ಕೆ 20, ಮೂರಕ್ಕೆ 30, ನಾಲ್ಕಕ್ಕೆ 40, ಐದಕ್ಕೆ 50 ಎಂದು ಸವಕಳಿಯನ್ನು ಕಳೆಯುವ ಪಟ್ಟಿ ಅವರಲ್ಲಿದೆ. ಆದರೆ ಪೇಟೆಯ ಗಿರಾಕಿಯು ವಯಸ್ಸಿನ ಜೊತೆಗೆ ಓಡಿದ ದೂರವನ್ನೂ ನೋಡುವನಾದುದರಿಂದ, ಒಡೆಯನು ಆ ಅಂಕಿಯನ್ನು ಬೆಳೆಯಗೊಡಿಸದಂತೆ ಕಾಯುತ್ತಾನೆ. ಗಂಟೆಗೆ 300 ಕಿಲೋಮೀಟರು ಓಡಬಲ್ಲ ಯಂತ್ರಕ್ಕೆ ಬಟ್ಟೆಯ ಮುಸುಕು ಹಾಕಿ, ತಂಪು ಕೋಣೆಯಲ್ಲಿ ನಿಲ್ಲಿಸಿ, ಬ್ಯಾಟರಿ ಸಾಯದಂತೆ ಅದಕ್ಕೊಂದು ತಂತಿ ಜೋಡಿಸಿ, ರವಿವಾರದ ಬೆಳಗಿನಲ್ಲಿ ನಾಲ್ಕು ಹೆಜ್ಜೆ ಅಡ್ಡಾಡಿಸಿ ತಂದು ಒರೆಸಿಡುವದು. ಇದರಲ್ಲಿಯೂ ಒಂದು ವಿನೋದವಿದೆ: ನಿಂತ ಗಾಡಿಯೂ ಕೆಡುತ್ತದೆ. ರಬ್ಬರಿನ ಬಿರಡೆಗಳು ಒಣಗಿ ಬಿರಿಯುತ್ತವೆ, ಟೈರು ನೆಲಕ್ಕೂರಿದ ಕಡೆ ಚಪ್ಪಟೆಯಾಗುತ್ತದೆ, ಎಣ್ಣೆ ಹಳಸುತ್ತದೆ. ಓಡಿಸಿದರೆ ಬೆಲೆ ಸವೆಯುವದು, ಓಡಿಸದಿದ್ದರೆ ಗಾಡಿಯೇ ಸವೆಯುವದು.

ಹಾಗೆ ಕಾಯುವವನನ್ನು ಒಡೆಯನೆನ್ನಬೇಕೋ, ಮುಂದೆ ಎಂದೋ ಬರಲಿರುವ ಅಪರಿಚಿತ ಗಿರಾಕಿಯ ಪಹರೆಯವನೆನ್ನಬೇಕೋ? ನನಗಂತೂ ಎರಡನೆಯ ಹೆಸರೇ ಒಪ್ಪುವದೆಂದು ತೋರುತ್ತದೆ. ಆ ಅಪರಿಚಿತನು ಮೆಚ್ಚುವ ಬಣ್ಣವೆಂದು ಕೆಂಪು. ಅವನು ಒಪ್ಪಲಾರನೆಂದು ತನಗೆ ಬೇಕಾದ ಹಸಿರು ಬೇಡ. ಅವನಿಗೆ ಗೀರು ಕಂಡೀತೆಂದು ಮಕ್ಕಳನ್ನು ಕೂಡ್ರಿಸುವದಿಲ್ಲ. ಕಡೆಗೆ ಅವನು ಬಂದಾಗ, ಅವನೂ ತನ್ನ ಮುಂದಿನವನಿಗಾಗಿ ಅದಕ್ಕೆ ಮುಸುಕು ಹಾಕುತ್ತಾನೆ. ಕೈಯಿಂದ ಕೈಗೆ ಹೋಗುವ ಈ ಗಾಡಿಯನ್ನು ಉಂಡವನು ಯಾರು? ಭರ್ತೃಹರಿಯು ಹಣದ ಗತಿಗಳನ್ನು ಎಣಿಸುವಾಗ ಕೊಡುವದನ್ನು ಹೇಳಿದ, ಉಣ್ಣುವದನ್ನು ಹೇಳಿದ. ತಿರುಗಿ ಮಾರುವದಕ್ಕೆ ಅವನು ಬೇರೊಂದು ಎಡೆಯನ್ನು ಮಾಡಲಿಲ್ಲ.

ಇದಕ್ಕೆ ಎದುರು ಹೇಳುವವರ ಮಾತಿನಲ್ಲಿಯೂ ತಿರುಳಿದೆ. ಅಂದವಾದ ವಸ್ತುವನ್ನು ಸವೆಯದಂತೆ ಕಾಪಾಡಿ ಮುಂದಿನವರಿಗೆ ದಾಟಿಸುವದು ಪುಣ್ಯವೇ ಅಲ್ಲವೇ? ತಾಳೆಯೋಲೆಯನ್ನು ಕಾಯ್ದವರೂ ಹೀಗೆಯೇ ಅಲ್ಲವೇ ಕಾಯ್ದರು? ಫೆರಾರಿಯು 1962ರಿಂದ 1964ರ ವರೆಗೆ ಮಾಡಿದ 250 ಜಿಟಿಓ ಎಂಬ ಗಾಡಿಗಳು ಕೇವಲ 36. ಅವುಗಳಲ್ಲೊಂದು ಅಮೆರಿಕದ ಟೆಕ್ಸಸ್ ಪ್ರಾಂತದ ಒಂದು ಹೈಸ್ಕೂಲಿಗೆ ದಾನವಾಗಿ ಹೋಗಿ, 1972ರಲ್ಲಿ 6,500 ಡಾಲರಿಗೆ ಮಾರಾಟವಾಗಿ, ಹಲವು ವರ್ಷ ಬಟ್ಟಬಯಲಿನಲ್ಲಿ ಬಿಸಿಲು ಮಳೆಗಳಿಗೆ ಮೈಯೊಡ್ಡಿ ಬಿದ್ದಿತ್ತು. ಅದೇ ಜಾತಿಯ ಇನ್ನೊಂದು ಗಾಡಿಯು 2018ರ ಆಗಸ್ಟದಲ್ಲಿ ಕ್ಯಾಲಿಫೋರ್ನಿಯದ ಮಾಂಟೆರೆಯ ಹರಾಜಿನಲ್ಲಿ 4 ಕೋಟಿ 84 ಲಕ್ಷ ಡಾಲರಿಗೆ ಹೋಯಿತು. ಕಾಪಾಡದಿದ್ದರೆ ಅಂಥ ಕಲಾಕೃತಿಗಳು ಉಳಿಯುತ್ತಿದ್ದವೇ ಎಂದು ಕೇಳಬಹುದು. ಉಳಿಯುತ್ತಿರಲಿಲ್ಲವೆಂಬದನ್ನು ಒಪ್ಪೋಣ. ಆದರೆ ಆ 36 ಗಾಡಿಗಳಿಗೆ ಈ ಬೆಲೆ ಬಂದುದು ಅವು ಓಟದ ಪಂದ್ಯಗಳಲ್ಲಿ ಓಡಿ ಗೆದ್ದುದರಿಂದ. ಆಗ ಓಡಿಸಿದವರು ತಿರುಗಿ ಮಾರುವ ಬೆಲೆಯನ್ನು ಲೆಕ್ಕಿಸಿದ್ದರೆ ಇಂದು ಕಾಯಲು ಏನೂ ಉಳಿಯುತ್ತಿರಲಿಲ್ಲ. ಅವು ಹಾವೇರಿಯ ಹೋರಿಯ ಬಳಗಕ್ಕೆ ಸೇರಿದವು, ಇಂದಿನ ಮುಸುಕಿನ ಗಾಡಿಗಳ ಬಳಗಕ್ಕಲ್ಲ. ಮೇಲಾಗಿ ಆ ಶಾಲೆಯ ಹುಡುಗರು ಯಂತ್ರವಿದ್ಯೆಯನ್ನು ಕಲಿಯಲು ಅದನ್ನು ಬಳಸಿಕೊಂಡರಂತೆ. ಆ ಗಾಡಿಯಿಂದ ಅದಕ್ಕಿಂತ ಹೆಚ್ಚಿನ ಉಪಯೋಗವನ್ನು ಕೋಟ್ಯಧೀಶರು ಪಡೆದಾರೆಂದು ನಾನು ನಂಬಲಾರೆ.

ಇನ್ನೊಂದು ಆಕ್ಷೇಪವು ಇದಕ್ಕಿಂತ ಗಟ್ಟಿಯಾದುದು. ಸಂಬಳದ ಮನುಷ್ಯನು ಬ್ಯಾಂಕಿನ ಸಾಲದಿಂದ ಸಣ್ಣದೊಂದು ಗಾಡಿಯನ್ನು ಕೊಳ್ಳುವಾಗ ಅದು ನಾಳೆ ಎಷ್ಟಕ್ಕೆ ಹೋದೀತೆಂದು ಕೇಳುವದು ತಪ್ಪೇ? ಎಷ್ಟು ಮಾತ್ರಕ್ಕೂ ಅಲ್ಲ. ಮನೆಯಲ್ಲಿ ಬೇನೆ ಬಿದ್ದರೆ, ಮಗಳ ಮದುವೆ ಬಂದರೆ, ಕೆಲಸ ಹೋದರೆ ಅದೊಂದು ಆಸರೆ. ಒಕ್ಕಲಿಗನು ಎತ್ತಿನ ಬೆಲೆಯನ್ನು ಮನದಲ್ಲಿಡುವದೂ ಈ ಕಾರಣಕ್ಕೇ. ಬರಗಾಲದಲ್ಲಿ ಮಾರಬಹುದಾದ ಒಂದೇ ಸ್ವತ್ತು ಅವನಿಗೆ ಅದು. ನಮ್ಮ ಹೆಣ್ಣುಮಕ್ಕಳು ಬಂಗಾರವನ್ನು ಮೆಚ್ಚುವದರಲ್ಲಿಯೂ ಈ ಜಾಣತನವಿದೆ. ಅಕ್ಕಸಾಲಿಯ ಮಜೂರಿ ಹೋಯಿತು, ಒಂದೆರಡು ಗುಂಜಿ ಸವಕಳಿ ಹೋಯಿತು; ಮಿಕ್ಕುದಕ್ಕೆ ಮೂವತ್ತು ವರ್ಷ ಕೊರಳಲ್ಲಿ ತೊಟ್ಟು ಮೆರೆದರೂ ಕುಂದಿಲ್ಲ. ತೊಡುವದಕ್ಕೂ ಮಾರುವದಕ್ಕೂ ಅಲ್ಲಿ ಜಗಳವಿಲ್ಲ. ಬೆಲೆ ಉಳಿಸಿಕೊಳ್ಳುವ ಮೋಟಾರನ್ನು ‘ಇದು ಬಂಗಾರವಿದ್ದಂತೆ’ ಎಂದು ಹೊಗಳುವ ವ್ಯಾಪಾರಿಯು ಈ ಭೇದವನ್ನು ಜಾಣತನದಿಂದ ಮರೆಮಾಚುತ್ತಾನೆ.

ನನ್ನ ಆಕ್ಷೇಪವಿರುವದು ಮಿತವ್ಯಯದ ಮೇಲಲ್ಲ, ಮಿತವ್ಯಯದ ವೇಷ ಹಾಕಿದ ವಿಲಾಸದ ಮೇಲೆ. ನಾಲ್ಕು ಕೋಟಿಯ ಗಾಡಿಯನ್ನು ಕೊಂಡವನು ‘ನಾನು ವೆಚ್ಚ ಮಾಡಿಲ್ಲ, ಹಣ ತೊಡಗಿಸಿದ್ದೇನೆ’ ಎಂದು ಹೇಳಿದಾಗ ಎರಡು ಕಡೆಯಿಂದಲೂ ಸತ್ಯ ತಪ್ಪುತ್ತದೆ. ಹಣ ತೊಡಗಿಸುವದೇ ಉದ್ದೇಶವಾದರೆ ಅದಕ್ಕೆ ಹೊಲವುಂಟು, ಉದ್ಯಮವುಂಟು, ನಾಲ್ಕು ಜನರಿಗೆ ಕೂಳು ಹುಟ್ಟಿಸುವ ಕೆಲಸವುಂಟು; ವೇಗದ ಸುಖವೇ ಉದ್ದೇಶವಾದರೆ ಆ ಸುಖದ ಬೆಲೆಯನ್ನು ತೆತ್ತು ಅದನ್ನು ಉಣ್ಣಬೇಕು. ಗಾಡಿಯನ್ನು ಓಡಿಸಿ ಸವೆಸಿ ಅರ್ಧ ಬೆಲೆ ಕಳೆದುಕೊಂಡ ಧನಿಕನನ್ನು ಲೋಕವು ದುಂದುಗಾರನೆನ್ನುತ್ತದೆ, ಮುಸುಕು ಹಾಕಿಟ್ಟು ಲಾಭಕ್ಕೆ ಮಾರಿದವನನ್ನು ಚತುರನೆನ್ನುತ್ತದೆ. ನನ್ನ ಎಣಿಕೆಯಲ್ಲಿ ಮೊದಲಿನವನು ಹೆಚ್ಚು ಪ್ರಾಮಾಣಿಕ. ಅವನು ತನಗೆ ಬೇಕಾದುದು ಏನೆಂದು ಬಲ್ಲನು. ಅದಕ್ಕೆ ತೆರಬೇಕಾದುದನ್ನು ತಾನೇ ತೆತ್ತನು. ಎರಡನೆಯವನ ಲಾಭವು ಎಲ್ಲಿಂದ ಬಂದಿತು? ಸರದಿಯಲ್ಲಿ ನಿಂತು ಸಿಕ್ಕದೆ ಹೋದವರ ಆಸೆಯಿಂದ. ಅವನು ಏನನ್ನೂ ಬೆಳೆಯಲಿಲ್ಲ, ಏನನ್ನೂ ಸಾಗಿಸಲಿಲ್ಲ; ಬೇರೊಬ್ಬನಿಗೆ ಸಿಕ್ಕಬಹುದಾಗಿದ್ದುದರ ಮೇಲೆ ಕೆಲವು ಕಾಲ ಕುಳಿತಿದ್ದನು, ಅಷ್ಟೇ.

ಎತ್ತಿನ ಪಕ್ಷವನ್ನು ಇಷ್ಟು ವಹಿಸಿದ ಮೇಲೆ ಅದರ ಕಹಿಯಾದ ಬದಿಯನ್ನು ಮುಚ್ಚಿಡುವದು ನ್ಯಾಯವಲ್ಲ. ಮುದಿ ಎತ್ತಿಗೂ ಒಂದು ಕಡೆಯ ಬೆಲೆ ಇತ್ತು. ಅದು ಮಾಂಸದ, ತೊಗಲಿನ ಬೆಲೆ. ಹತ್ತು ವರ್ಷ ದುಡಿದುದನ್ನು ಆ ಬೆಲೆಗೆ ಕೊಟ್ಟು, ಬಂದ ಹಣಕ್ಕೆ ಇನ್ನಷ್ಟು ಕೂಡಿಸಿ ಎಳೆಯ ಹೋರಿಯನ್ನು ತರುವದು ಅನೇಕ ಬಡ ರೈತರ ರೂಢಿಯಾಗಿತ್ತು. 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯಾ ಪ್ರತಿಬಂಧಕ ಕಾನೂನಿನಿಂದ ಎತ್ತಿನ ವಧೆಗೆ ಪೂರ್ತಿ ನಿಷೇಧ ಬಂದಿತು. ಆ ಕಡೆಯ ಬೆಲೆಯೂ ಅದರೊಡನೆ ಹೋಯಿತು. ಕಾನೂನಿನ ಗುಣದೋಷಗಳ ಚರ್ಚೆಗೆ ಇದು ಸ್ಥಳವಲ್ಲ. ಆದರೆ ತಿರುಗಿ ಮಾರುವ ಬೆಲೆಯೊಂದು ಸೊನ್ನೆಯಾದಾಗ ವಸ್ತುವಿಗೂ ಒಡೆಯನಿಗೂ ನಡುವೆ ಉಳಿಯುವದೇನೆಂಬದು ಅಲ್ಲಿ ಬಯಲಾಗುವದು. ಕೆಲವರು ಹಗ್ಗ ಬಿಚ್ಚಿ ದಾರಿಗೆ ಅಟ್ಟುತ್ತಾರೆ. ಅವರ ಬಡತನವನ್ನು ನೋಡಿದರೆ ಬಯ್ಯಲು ಬಾಯಿ ಬಾರದು. ಕೆಲವರು ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿ, ಎಳೆಯ ಜೋಡಿಯ ಮೇವಿನಲ್ಲಿ ಒಂದು ಹಿಡಿಯನ್ನು ಅದರ ಮುಂದೆ ಹಾಕುತ್ತಾರೆ. ಹಾವೇರಿಯ ಕಡೆ ಹೆಸರಾದ ಹೋರಿ ಸತ್ತರೆ ಬಾಜಾಬಜಂತ್ರಿಯೊಡನೆ ಮೆರವಣಿಗೆ ಮಾಡಿ ಮಣ್ಣು ಮಾಡುವದೂ ಉಂಟು.

ಸಂತೆಯಲ್ಲಿ ವ್ಯಾಪಾರ ಮುಗಿದ ಮೇಲೆ ಎತ್ತನ್ನು ಕೊಟ್ಟು ಅದರ ಹಳೆಯ ಹಗ್ಗವನ್ನು ಮಾತ್ರ ಬಿಚ್ಚಿ ಮನೆಗೆ ತರುವ ಪದ್ಧತಿ ಕೆಲವು ಕಡೆ ಇರುವದು. ಕೊಂಡವನು ತನ್ನ ಹಗ್ಗವನ್ನು ತಾನೇ ತಂದಿರಬೇಕು. ದಲಾಲನ ಬೆರಳ ಲೆಕ್ಕದಲ್ಲಿ ಹಗ್ಗಕ್ಕೆ ಅಂಕಿಯಿಲ್ಲ.